ಮೀಟರ್ ಹೇಳಿದ್ದು, ಕಾವುಪೆಟ್ಟಿಗೆ ತೋರಿಸಿದ್ದು

ಕರೆಂಟ್ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲದ ಕಡೆ ಬಲ್ಬಿನ ಬಿಸಿಯಲ್ಲಿ ಕೋಳಿಮರಿ ಮಾಡಿಸುವುದು ಸುಮ್ಮನೆ ಮಾತಲ್ಲ. ಸಣ್ಣಕ್ಕ ಮತ್ತು ಅವಳ ಗಂಡ ಅದನ್ನೇ ನಂಬಿ ಬದುಕಿದ್ದರು. ದೊಡ್ಡ ಕಾವುಪೆಟ್ಟಿಗೆಯಲ್ಲಿ ಮೊಟ್ಟೆಗಳು ಆಗಲೇ ಅಲುಗಾಡತೊಡಗಿದ್ದವು. ಅಂಥ ಹೊತ್ತಿನಲ್ಲೇ ಗಂಡ ಬ್ಯಾಟರಿ, ಮೀಟರ್ ಸಮೇತ ಒಂದು ಕಪ್ಪು ಯಂತ್ರ ಹೊತ್ತು ತಂದ.

"ಬ್ಯಾಟರಿಯಿಂದ ಒಂದು ಪಾಲು ತಗೊಂಡು ಮೂರು ಪಾಲು ಕೊಡುತ್ತೆ ಕಣೇ! ನೀನೇ ನೋಡು."

ನೋಡಿದಳು. ಮೀಟರ್ ಪ್ರಕಾರ ಒಳಗೆ ಹೋಗುವುದು ಅರವತ್ತು ವ್ಯಾಟ್, ಹೊರಗೆ ಬರುವುದು ನೂರ ಎಂಬತ್ತು. ಗಂಡ ದೊಡ್ಡ ಪೆಟ್ಟಿಗೆಯ ಪ್ಲಗ್ಗನ್ನು ಗೋಡೆಯಿಂದ ಕೀಳಲು ಕೈ ಹಾಕಿದ. "ಮೊಟ್ಟೆಗೆ ಇನ್ನು ಇದರದ್ದೇ ಕಾವು."

"ಅಯ್ಯೋ, ಸ್ವಲ್ಪ ತಡೀರಿ! ಕಾವು ತಪ್ಪಿದ್ರೆ ಅಷ್ಟೂ ಮರಿ ಒಳಗೇ ಸಾಯ್ತವೆ." ಅವಳು ಅವನ ಕೈ ಹಿಡಿದಳು. ಮೀಟರ್ ಸುಳ್ಳು ಹೇಳೀತೇ? ಸುಳ್ಳಲ್ಲದಿದ್ದರೆ ತನಗೇಕೆ ಭಯ?

ಪಕ್ಕದ ಬೀದಿಯಲ್ಲಿ ಮೀಟರ್ ರಿಪೇರಿ ಮಾಡುವ ಗೆಳತಿಯನ್ನು ಕರೆದಳು. ಗೆಳತಿ ತನ್ನ ಎರಡು ಮೀಟರ್ ಹಚ್ಚಿದಳು. ಹೊರಗೆ ಬರುವುದನ್ನು ಒಂದು ಮೀಟರ್ ನೂರಹತ್ತು ಅಂದಿತು, ಇನ್ನೊಂದು ನಲವತ್ತು. ಗೊಂದಲ ಹೋಗುವ ಬದಲು ಇಮ್ಮಡಿಯಾಯಿತು.

"ಯಾವುದನ್ನ ನಂಬೋದು ಮಾರಾಯ್ತಿ?"

"ಯಾವುದನ್ನೂ ಬೇಡ. ಮನೆ ಕರೆಂಟ್ ಒಂದೇ ಹದದಲ್ಲಿ ಏರಿಳಿಯುತ್ತೆ. ಈ ಯಂತ್ರದ್ದು ಗುದ್ದಿ ಗುದ್ದಿ ಬರುತ್ತೆ. ಅಗ್ಗದ ಮೀಟರ್ ಅದಕ್ಕೆ ಬೆಚ್ಚಿಬಿದ್ದು ಬಾಯಿಗೆ ಬಂದದ್ದು ಹೇಳುತ್ತೆ. ಇಂಥ ಕರೆಂಟಲ್ಲಿ ವೋಲ್ಟ್, ಆಂಪಿಯರ್ ಬೇರೆಬೇರೆ ಅಳೆದು ಗುಣಿಸಿಬಿಟ್ರೆ ನಿಜವಾದ ವ್ಯಾಟ್ ಸಿಗೋದಿಲ್ಲ. ಎರಡನ್ನೂ ಕ್ಷಣಕ್ಷಣಕ್ಕೂ ಜೊತೆಗೇ ಅಳೆಯೋ ಮೀಟರ್ ಬೇಕು. ನನ್ನ ಹತ್ರ ಅದಿಲ್ಲ."

ಗಂಡ ಗೆದ್ದವನಂತೆ ನಕ್ಕ. ಸಣ್ಣಕ್ಕನಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮೂಲೆಯಲ್ಲಿದ್ದ ಒಂದೇ ಅಳತೆಯ ಎರಡು ಸಣ್ಣ ಖಾಲಿ ಕಾವುಪೆಟ್ಟಿಗೆಗಳು ಕಣ್ಣಿಗೆ ಬಿದ್ದವು.

"ಅಲ್ಲ ಕಣೇ, ಬಲ್ಬಿಗೆ ಹೋದ ಕರೆಂಟೆಲ್ಲ ಕೊನೆಗೆ ಬಿಸಿನೇ ಆಗಬೇಕಲ್ಲ? ಒಂದು ಪೆಟ್ಟಿಗೆಗೆ ಗೋಡೆ ಕರೆಂಟಲ್ಲಿ ಅರವತ್ತರ ಬಲ್ಬ್ ಒಂದು. ಇನ್ನೊಂದಕ್ಕೆ ಈ ಯಂತ್ರದಲ್ಲಿ ಅಂಥವೇ ಮೂರು. ಇವರ ಯಂತ್ರ ನಿಜವಾಗಿದ್ರೆ ಮೂರು ಬಲ್ಬಿನ ಪೆಟ್ಟಿಗೆ ಕುದಿಬೇಕು!"

ಗೆಳತಿ ಹಣೆ ಚಚ್ಚಿಕೊಂಡಳು. "ನನಗೆ ಹೊಳೀಲೇ ಇಲ್ಲ ನೋಡು!"

ಮೂವರೂ ಕಾದು ಕುಳಿತರು. ಯಂತ್ರದ ಬಲ್ಬುಗಳು ಮಂಕಾಗಿ ಉರಿಯುತ್ತಿದ್ದವು, ಮೀಟರ್ ಮಾತ್ರ ಇನ್ನೂ ನೂರ ಎಂಬತ್ತೇ ಅನ್ನುತ್ತಿತ್ತು. ಕೊನೆಗೆ ಗಂಡ ಎರಡೂ ಪೆಟ್ಟಿಗೆಯೊಳಗೆ ಕೈಯಿಟ್ಟ. ಥರ್ಮಾಮೀಟರ್ ನೋಡಿದ. ಮತ್ತೆ ಕೈಯಿಟ್ಟ. ಮೂರು ಬಲ್ಬಿನ ಪೆಟ್ಟಿಗೆ ಒಂದು ಬಲ್ಬಿನದಕ್ಕಿಂತ ತಣ್ಣಗಿತ್ತು.

"ಇದೇನೇ ಇದು!" ಅವನ ಮುಖ ಸಣ್ಣದಾಯಿತು.

"ಮೂರು ಪಾಲು ಕೊಡೋದಿರಲಿ, ಬ್ಯಾಟರಿಯಿಂದ ತಗೊಂಡ ಅರವತ್ತರಲ್ಲೂ ಒಂದಿಷ್ಟು ನುಂಗಿದೆ," ಅಂದಳು ಗೆಳತಿ.

ಗಂಡ ದೊಡ್ಡ ಪೆಟ್ಟಿಗೆಯ ಪ್ಲಗ್ಗನ್ನು ತಾನೇ ಒತ್ತಿ ಗಟ್ಟಿ ಮಾಡಿದ. "ಕರೆಂಟ್ ಹೋದ್ರೆ ಮೊದಲಿನ ಹಾಗೇ ಕಂಬಳಿ ಹೊದಿಸೋಣ ಬಿಡು," ಅಂದ. ಒಳಗೆ ಒಂದು ಮೊಟ್ಟೆ ಟಿಕ್ ಅಂದಿತು. ಮರಿಗಳು ಉಳಿದವೆಂಬ ಖುಷಿಗೆ ಸಣ್ಣಕ್ಕನಿಗೆ ಅಳುವೇ ಬಂತು.

ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಮನೆಗೂ ಇಂಥ ಯಂತ್ರ ಬರಬಹುದು. ಮೀಟರಿನ ಅಂಕಿ ಕಂಡು ಬೆರಗಾಗಬೇಡಿ. ಆ ಮೀಟರ್ ಇಂಥ ಕರೆಂಟ್ ಅಳೆಯಬಲ್ಲದೇ ಎಂದು ಕೇಳಿ. ಬಿಸಿಯನ್ನು ಹೋಲಿಸಿ ನೋಡಿ. ಬ್ಯಾಟರಿ ತೆಗೆದು, ಯಂತ್ರವನ್ನು ಅದು ತಾನೇ ಹೊರಗೆ ಕೊಡುವ ಕರೆಂಟಿನಲ್ಲಿ ಓಡಿಸಿ ತೋರಿಸಲು ಹೇಳಿ. ಅಲ್ಲಿಯವರೆಗೆ ನಿಮ್ಮ ಗೋಡೆಯ ಪ್ಲಗ್ ಕೀಳಬೇಡಿ.