ಬಿಹಿಗೆ ಉಳಿದ ಭಾಷೆ

ಕಿರಾಣಿ ಅಂಗಡಿಯ ಬಿಹಿಗೆ ಪಾರ್ಶ್ವವಾಯು ಬಡಿದು ಹನ್ನೊಂದು ದಿನವಾಗಿತ್ತು. ಅರಬ್ಬಿಯಲ್ಲಿ ಏನು ಕೇಳಿದರೂ ಮಿಕಿಮಿಕಿ ನೋಡುತ್ತಿದ್ದ. ಕಾಸಾಬ್ಲಾಂಕಾ ನಗರದ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತಿದ್ದ ಹೆಂಡತಿ ಇಜ್ಜಾಗೆ ಮಗ ಜವಾದ್ ಹೇಳಿದ:

“ಅಮ್ಮಾ, ಅಪ್ಪಂಗೆ ಏನೂ ಅರ್ಥ ಆಗ್ತಿಲ್ಲ. ಆಸ್ಪತ್ರೆಯವರು ಮಾಡಿಸೋ ಈ ಮಾತಿನ ಅಭ್ಯಾಸ ಎಲ್ಲಾ ದಂಡ. ನಾಳೆಯಿಂದ ಬೇಡ ಅಂದ್ಬಿಡ್ತೀನಿ.”

ಗಂಡನಿಗೆ ಮಾತು ಇತ್ತು. ಅದು ಇಜ್ಜಾ ಒಬ್ಬಳಿಗೇ ಗೊತ್ತಿತ್ತು. ಸೂಸ್ ಸೀಮೆಯ ಹಳ್ಳಿಯಿಂದ ನಗರಕ್ಕೆ ಬಂದ ದಿನವೇ ಬಿಹಿ ಕಟ್ಟಪ್ಪಣೆ ಮಾಡಿದ್ದ: ನಮ್ಮ ತಶೆಲ್ಹಿತ್ ಭಾಷೆ ಮನೆಯೊಳಗೆ ಬೇಡ, ಶಾಲೆಯಲ್ಲಿ ಮಕ್ಕಳನ್ನು ಹಳ್ಳಿ ಗುಗ್ಗು ಅಂತಾರೆ. ಇಪ್ಪತ್ತು ವರ್ಷ ಬರೀ ಅರಬ್ಬಿಯೇ ನಡೆಯಿತು. ಈಗ ಅವನೇ ತಶೆಲ್ಹಿತಿನಲ್ಲಿ ತೊದಲಿದಾಗಲೆಲ್ಲ ಇಜ್ಜಾ “ಶ್, ಜನ ಇದಾರೆ” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಮರ್ಯಾದೆಯ ಪ್ರಶ್ನೆ ನೋಡಿ!

ಮಾತಿನ ಚಿಕಿತ್ಸೆ ಕೊಡುವ ರಾಬಿಯಾ ಬಂದಾಗ ಇಜ್ಜಾಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟಳು.

“ಅಯ್ಯೋ ಚಿಕ್ಕಮ್ಮ, ಮೊದಲೇ ಹೇಳ್ಬಾರ್ದಿತ್ತಾ?”

“ಆಸ್ಪತ್ರೇಲಿ ಹಳ್ಳಿ ಮಾತು ಯಾರಿಗೆ ಬೇಕು ಅಂದ್ಕೊಂಡೆ ಕಣಮ್ಮ.”

ಜವಾದ್ ಮೂಗು ಮುರಿದ. “ಪೆಟ್ಟು ಬಿದ್ದಿರೋದು ತಲೆಗೆ. ಅದ್ರಲ್ಲಿ ಒಂದು ಭಾಷೆ ಹೋಗಿ, ಒಂದು ಉಳಿಯುತ್ತಾ?”

“ಉಳೀಬಹುದಪ್ಪ. ಎರಡು ಭಾಷೆ ಬಲ್ಲವರ ಮಿದುಳಲ್ಲಿ ಎರಡೂ ಎಚ್ಚರವಾಗೇ ಇರ್ತವೆ. ಈಗ ಯಾವುದು ಆಡ್ಬೇಕು, ಯಾವುದನ್ನ ತಡೀಬೇಕು ಅಂತ ಮಿದುಳೇ ನೋಡ್ಕೊಳ್ಳುತ್ತೆ. ಪೆಟ್ಟು ಬಿದ್ದಾಗ ಕೆಲವರಿಗೆ ಎರಡೂ ಮಂಕಾಗುತ್ತೆ. ಕೆಲವರಿಗೆ ತಾಯಿಮಾತು ಉಳಿಯುತ್ತೆ, ಕೆಲವರಿಗೆ ಆಮೇಲೆ ಕಲಿತದ್ದು. ಆಡಿಸಿ ನೋಡ್ದೆ ಗೊತ್ತಾಗಲ್ಲ. ಚಿಕ್ಕಮ್ಮ, ನಿಮ್ಮ ಮಾತಲ್ಲೇ ಕೇಳಿ.”

ಇಜ್ಜಾ ಸುತ್ತ ನೋಡಿದಳು. ಪಕ್ಕದ ಹಾಸಿಗೆಯವರು ಇತ್ತಲೇ ನೋಡುತ್ತಿದ್ದರು. ನೋಡಿಕೊಳ್ಳಲಿ ಎಂದುಕೊಂಡು ಗಂಡನ ಕಿವಿಯ ಹತ್ತಿರ ಬಾಗಿ ತಶೆಲ್ಹಿತಿನಲ್ಲಿ ಕೇಳಿದಳು: “ಏನ್ರೀ, ಏನಾದ್ರೂ ಬೇಕಾ?”

ಬಿಹಿಯ ತುಟಿ ಅಲುಗಿತು. ಒಂದೊಂದೇ ಪದ ಹೆಕ್ಕಿ ಹೇಳಿದ. ಇಜ್ಜಾಳ ಕಣ್ಣಲ್ಲಿ ನೀರು ಬಂತು.

“ಏನಂದ್ರು ಅಮ್ಮಾ?” ಜವಾದ್ ಗಾಬರಿಯಾದ.

“ಮಾತಾಡಿದಾಗೆಲ್ಲ ಯಾಕೆ ಬಾಯಿ ಮುಚ್ಚಿಸ್ತೀಯಾ ಅಂದ್ರು ಕಣೋ.”

ಜವಾದ್ ಕುರ್ಚಿ ಎಳೆದುಕೊಂಡು ಕೂತ. “ನೀರು ಬೇಕಾ ಅಂತ ನಿಮ್ಮ ಭಾಷೇಲಿ ಹೇಗೆ ಕೇಳೋದು? ನಂಗೂ ಹೇಳ್ಕೊಡು.”

ಓದುಗರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಪಾರ್ಶ್ವವಾಯು ಬಡಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅವರು ಯಾವ ಯಾವ ಭಾಷೆ ಆಡುತ್ತಿದ್ದರೋ ಅಷ್ಟನ್ನೂ ವೈದ್ಯರಿಗೆ ತಿಳಿಸಿರಿ. ಮನೆಮಾತು ಹೇಳಲು ನಾಚಬೇಡಿ. ಅವರಿಗೆ ಮಾತು ಹೋಯಿತು ಎಂದು ಕೈಬಿಡುವ ಮೊದಲು, ಆ ಎಲ್ಲ ಭಾಷೆಗಳಲ್ಲೂ ಒಮ್ಮೆ ಅವರನ್ನು ಮಾತಾಡಿಸಿರಿ.