ಹಿಂದಿನ ಪರದೆ

"ಕಟ್ಟಿ ಹತ್ತಬ್ಯಾಡಲೇ ರಂಡಿ, ಅಲ್ಲೇ ಕೆಳಗ ನಿಂತು ಬೊಗಳು!"

ಕರಿಯವ್ವ ಎತ್ತಿದ ಕಾಲನ್ನು ಹಾಗೇ ಕೆಳಗಿಳಿಸಿದಳು. ಗದಗಿನ ಹತ್ತಿ ಪೇಟೆಯಲ್ಲಿ ದಲ್ಲಾಳಿ ಹುಚ್ಚೀರಪ್ಪನ ಅಡತಿ ಅಂಗಡಿಯ ಕಟ್ಟೆ ಅದು. ದಿನಬೆಳಗಾದರೆ ಹತ್ತಿಯ ಅಂಡಿಗೆ ಹೊತ್ತು ಅದೇ ಕಟ್ಟೆ ಹತ್ತಿ ಇಳಿಯುವ ಹಮಾಲರಲ್ಲಿ ಅವಳ ಕೇರಿಯವರೇ ಅರ್ಧ ಜನ. ಬೆನ್ನ ಮೇಲೆ ಹೊರೆ ಇದ್ದಾಗ ಅವರ ಮೈಲಿಗೆ ಯಾರಿಗೂ ತಾಗುತ್ತಿರಲಿಲ್ಲ. ಬರಿಗೈಯಲ್ಲಿ ಬಂದು ಏನಾದರೂ ಕೇಳಿದರೆ ಮಾತ್ರ ದಣಿಗೆ ತಟ್ಟನೆ ಮಡಿ ನೆನಪಾಗುತ್ತಿತ್ತು.

"ಏನಂದಿ? ಇನ್ನೊಮ್ಮೆ ಹೇಳು, ನಮ್ಮ ಬೀಗರೂ ಕೇಳ್ಲಿ." ಹುಚ್ಚೀರಪ್ಪ ಲೋಡಿಗೆ ಒರಗಿ, ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದ.

"ನಾಟಕದ ಕಂಪನಿ ಕಟ್ಟೀನ್ರಿ ದಣೇರ. ಹೊಸದಾಗಿ ಕಂಪನಿ ಕಟ್ಟೋರಿಗೆ ಆಸರಾ ಕೊಡ್ತೀವಿ ಅಂತ ಕಮಿಟಿಯವರು ಡಂಗುರಾ ಹೊಡಿಸ್ಯಾರಲ್ರಿ? ಅದನ್ನ ಕೇಳಾಕ ಬಂದೀನ್ರಿ."

ಬೀಗರು ನಗಬೇಕೋ ಬೇಡವೋ ಎಂದು ದಣಿಯ ಮುಖ ನೋಡಿದರು. ದಣಿ ನಕ್ಕ. ಅವರೂ ನಕ್ಕರು.

ಕನ್ನಡ ನಾಡು ಒಂದಾಗುವ ದಿನ ಹತ್ತಿರ ಬಂದಿತ್ತು. ಮುಂಬಯಿ ಸರ್ಕಾರದ ಕೆಳಗಿದ್ದ ಗದಗು, ಮುಂಡರಗಿ ಎಲ್ಲ ಹೊಳೆಯಾಚೆಯ ಜನರೊಂದಿಗೆ ಒಂದೇ ರಾಜ್ಯವಾಗುತ್ತವೆಂದು ಊರೂರಲ್ಲಿ ಹಬ್ಬದ ಕಮಿಟಿಗಳು ಎದ್ದಿದ್ದವು. ಈ ಭಾಗದ ಕಮಿಟಿಗೆ ಹುಚ್ಚೀರಪ್ಪನೇ ಹಿರಿಯ. ಇದ್ದವನಿಗೇ ಇನ್ನಷ್ಟು ಗಾದಿ ಎನ್ನುವುದು ಹೊಸ ಮಾತೇನಲ್ಲ. ಹೊಸ ಕಂಪನಿಗೆ ಕಮಿಟಿಯ ಆಸರೆ ಸಿಕ್ಕರೆ ಪರದೆ, ಗ್ಯಾಸಬತ್ತಿ ಸಿಗುತ್ತಿದ್ದವು; ಅದಕ್ಕಿಂತ ಹೆಚ್ಚಾಗಿ ಲಕ್ಷ್ಮೇಶ್ವರ, ಶಿರಹಟ್ಟಿಗಳಲ್ಲಿ ಕ್ಯಾಂಪು ಹಾಕಲು ಜಾಗ ಸಿಗುತ್ತಿತ್ತು. ಜಾಗ ಸಿಗದ ಕಂಪನಿ ಎರಡು ಆಟಕ್ಕೇ ಕಣ್ಣು ಮುಚ್ಚುತ್ತದೆ. ಅದು ಕರಿಯವ್ವನಿಗೆ ಗೊತ್ತಿತ್ತು. ಊರೂರು ತಿರುಗುವ ಕಂಪನಿಯೊಂದರಲ್ಲಿ ಅವಳು ದಾಸಿಯ ಪಾರ್ಟು, ಪಾತ್ರೆ ತಿಕ್ಕುವ ಕೆಲಸ ಎರಡನ್ನೂ ಮಾಡಿದ್ದಳು. ರಾಣಿಯ ಪಾರ್ಟಿನವಳು ಜ್ವರ ಬಂದು ಮಲಗಿದಾಗ ಒಮ್ಮೆ ರಾಣಿಯಾಗಿ ನಿಂತು ಸಿಳ್ಳೆ ಗಿಟ್ಟಿಸಿದ್ದಳು. ಮರುದಿನ ಮಾಲೀಕ ಮತ್ತೆ ಪಾತ್ರೆಯ ರಾಶಿ ತೋರಿಸಿದ. ಅವತ್ತೇ ಬಿಟ್ಟು ಬಂದು, ಬೀಜ ಬಿಡಿಸುವ ಗಿರಣಿಯಾದ ಜಿನ್ನಿನಲ್ಲಿ ಹತ್ತಿ ಆರಿಸುವ ಕೆಲಸಕ್ಕೆ ಸೇರಿದ್ದಳು, ತನ್ನದೇ ಕಂಪನಿ ಕಟ್ಟುತ್ತೇನೆ ಎಂಬ ಹಟ ಹೊತ್ತು.

"ಕಂಪನಿ ಅಂದ್ರ ರಾಜಾ ಬೇಕಲ್ಲ. ಎಲ್ಲಿ ಅದಾನ ನಿನ್ನ ರಾಜಾ?"

ಅವಳ ಅಣ್ಣ ಹುಲಗಪ್ಪ ಹಿಂದೆಯೇ ನಿಂತಿದ್ದ. ಅದೇ ಅಂಗಡಿಯ ಹಮಾಲ. ತಲೆಯ ಪಟಕಾ ಬಿಗಿದುಕೊಂಡು, ಅಂಗಳದ ನಡುವೆ ಬಂದ. ಉಸಿರೆಳೆದು, ಗಿರಕ್ಕನೆ ತಿರುಗಿ, ದಣಿಗೆ ಬೆನ್ನು ಹಾಕಿ, ಎದುರಿನ ಗೋಡೆಗೆ ಗರ್ಜಿಸತೊಡಗಿದ: "ಎಲೈ ಮಂತ್ರೀ! ಹರಿದು ಹಂಚಿಹೋದ ಈ ನಾಡನ್ನು..."

ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಹುಚ್ಚೀರಪ್ಪ ತೊಡೆ ತಟ್ಟಿ ಎದ್ದು ಕೂತ.

"ಲೇ ಹುಲಗ್ಯಾ, ಮಾರಿ ತೋರ್ಸಲೇ ಹಾಟ್ಯಾನ ಮಗನ! ನಿನ್ನ ಕುಂಡಿಗೆ ಯಾವ ರಾಜ್ಯಾ ಕೊಡ್ಲಿ?"

ಬೀಗರ ಕಣ್ಣಲ್ಲಿ ನೀರು ಬರುವಷ್ಟು ನಗು. ಹುಲಗಪ್ಪನಿಗೆ ತಾನು ಮಾಡಿದ ತಪ್ಪೇನೆಂದು ಹೊಳೆಯಲೇ ಇಲ್ಲ. ಕರಿಯವ್ವನಿಗೆ ಹೊಳೆಯಿತು. ಅವರ ಊರು ಮುಂಡರಗಿಯ ಆಚೆ, ದಣಿಯ ಹೊಲಗಳಿದ್ದ ಊರೇ. ಅಲ್ಲಿ ನಾಟಕವಾದರೆ ಕುರ್ಚಿ, ಚಾಪೆ ಎಲ್ಲ ರಂಗದ ಮುಂದೆ. ಕೇರಿಯವರು ರಂಗದ ಹಿಂದೆ. ಹಿಂಬದಿಗೆ ಕಟ್ಟುವ ತೆಳ್ಳನೆಯ ಧೋತರದೊಳಗಿಂದ ಕಂಡಷ್ಟೇ ಅವರ ಪಾಲಿನ ಆಟ. ಹುಲಗಪ್ಪ ಹುಟ್ಟಿದಾಗಿನಿಂದ ಕಂಡ ರಾಜರೆಲ್ಲ ಬೆನ್ನು ತೋರಿಸಿಯೇ ರಾಜ್ಯ ಆಳಿದವರು. ಹಾಗೆ ನೋಡಿ ಕಲಿತದ್ದನ್ನು ಹಾಗೇ ಮಾಡಿ ತೋರಿಸಿದ್ದ.

ನಗು ಇಳಿದ ಮೇಲೆ ಹುಚ್ಚೀರಪ್ಪ ಕಣ್ಣೊರೆಸಿಕೊಂಡ. "ನಗಿಸಿದ್ರಿ ಬಿಡ್ರಿ. ಕೊಟ್ಟೆ. ಮೊದಲನೇ ಆಟ ನಮ್ಮೂರಾಗ, ಹಬ್ಬದ ದಿನ. ಹಿಂದಿನ ಪರದಿ ನಾ ಬರಸ್ತೀನಿ, ಬತ್ತಿ ನಂದು. ಕಮಿಟಿ ಮಂದಿ ನೋಡಿ ಹೂಂ ಅಂದ್ರ ಲಕ್ಷ್ಮೇಶ್ವರ ನಿನಗ, ಶಿರಹಟ್ಟಿ ನಿನಗ. ಇಲ್ಲಾಂದ್ರ ಹತ್ತಿ ಆರಿಸು."

"ಕಂಪನಿ ಹೆಸರು ನಂದ ಇರ್ಲಿರಿ."

"ಇಟ್ಕೋ. ಹೆಸರಿಗೇನು ಮೇವು ಹಾಕಬೇಕೇನು?"

"ನಮ್ಮ ಮಂದಿ ಕುಂಡ್ರೋ ಜಾಗಾ ಒಂದೀಟು ಮುಂದ..."

"ಮೊದ್ಲ ಪರದಿ ಬರ್ಲಿ ನಡಿ," ಎಂದು ದಣಿ ಕೈ ಬೀಸಿದ. ಬೇಡ ಎಂದು ಹೇಳಲಿಲ್ಲವಲ್ಲ, ಹಾಗಾದರೆ ಹೂಂ ಎಂದಂತೆಯೇ ಎಂದು ಕರಿಯವ್ವ ತಿಳಿದುಕೊಂಡಳು. ಬೇಕಾದದ್ದನ್ನು ಕೇಳಿಸಿಕೊಳ್ಳುವ ಕಿವಿ ಬಡವರಿಗೆ ಚೆನ್ನಾಗಿಯೇ ಇರುತ್ತದೆ.

ಬೆಟಗೇರಿಯಲ್ಲಿ ಮಗ್ಗದ ಓಣಿಯ ಹಿಂದಿನ ಬಯಲಲ್ಲಿ ತಾಲೀಮು ನಡೆಯಿತು. ಜಿನ್ನಿನ ಭೋಂಗಾ ಕೂಗಿದ ಮೇಲೆ, ತಲೆಗೂದಲಲ್ಲಿ ಹತ್ತಿಯ ಎಳೆ ಹೊತ್ತೇ ಎಲ್ಲರೂ ಬರುತ್ತಿದ್ದರು. ಪೇಟಿ ಬಾರಿಸುವ ಕರೀಮಸಾಬ ಲಕ್ಷ್ಮೇಶ್ವರದವನು. ಮಾತು ಬರೆದವನೂ, ಕಲಿಸುವವನೂ ಅವನೇ. ಹುಲಗಪ್ಪನನ್ನು ಮುಂದಕ್ಕೆ ತಿರುಗಿಸುವುದೇ ಅವನಿಗೆ ದೊಡ್ಡ ಕೆಲಸವಾಯಿತು. ಕೊನೆಗೆ ಎದುರಿಗೆ ಒಂದು ಎಮ್ಮೆ ಕಟ್ಟಿಸಿದ.

"ಅಕಿ ನಿನ್ನ ಪ್ರಜಾ. ಅಕಿ ಮಾರಿ ನೋಡಿ ಮಾತಾಡು."

"ಎಮ್ಮಿ ಮಾರಿ ನೋಡಿದ್ರ ನಗಿ ಬರ್ತೈತ್ರಿ ಮಾಸ್ತರ."

"ನಿನ್ನ ನೋಡಿ ಅದಕ್ಕ ಬರವಲ್ದು, ಅದರ ಹಿರೇತನಾ. ಹೂಂ, ಹೊಡಿ!"

ಎಲ್ಲರೂ ನಕ್ಕರು. ಆಟ ಕುದುರುತ್ತ ಬಂತು. ಕರಿಯವ್ವನ ರಾಣಿಯ ಮಾತಿಗೆ ಮಗ್ಗದವರು ಲಾಳಿ ನಿಲ್ಲಿಸಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಒಂದು ಸಂಜೆ ಕರೀಮಸಾಬ ಪೇಟಿ ಮುಚ್ಚಿ, "ತಂಗೀ, ಮೊದಲನೇ ಆಟ ಆ ದಣಿ ಊರಾಗ ಬ್ಯಾಡ. ಇಲ್ಲೇ ಆಡೂಣು," ಎಂದ.

"ಇಲ್ಲಿ ಆಡಿದ್ರ ಕ್ಯಾಂಪು ಯಾರು ಕೊಡ್ತಾರ್ರಿ? ಹತ್ತಿ ಆರಿಸಿಕೋತ ನಾಕು ಮಂದಿಗೆ ಆಟ ತೋರ್ಸಿದ್ರ ಅದು ಕಂಪನಿ ಅಲ್ಲ, ಹುಚ್ಚು. ಮತ್ತ ನಮ್ಮವ್ವ..." ಅವಳು ತಡೆದಳು. "ನಮ್ಮವ್ವ ಇಷ್ಟು ವಯಸ್ಸಿಗೆ ಒಂದು ಪಾರ್ಟಿನ ಮಾರಿ ನೋಡಿಲ್ರಿ. ನಂದಾದ್ರೂ ನೋಡ್ಲಿ."

ಕರೀಮಸಾಬ ಮತ್ತೆ ಪೇಟಿ ತೆರೆದ.

ಹಬ್ಬದ ದಿನ ಊರ ಗುಡಿಯ ಮುಂದಿನ ಎರೆಯ ನೆಲದಲ್ಲಿ ಅಣ್ಣತಂಗಿ ಇಬ್ಬರೂ ಸೇರಿ ಕಂಬದ ಕುಣಿ ತೋಡಿದರು. ರಾಜನೂ ರಾಣಿಯೂ ಬೆವರಿ ಕೆಸರಾದರು. ಮಧ್ಯಾಹ್ನ ಗಾಡಿಯಲ್ಲಿ ಪರದೆ ಬಂತು. ಬಿಚ್ಚಿದರೆ ಅರಮನೆ, ಕಾರಂಜಿ, ನವಿಲು. ನೆತ್ತಿಯ ಮೇಲೆ ಕಲ್ಲಂಗಡಿ ಗಾತ್ರದ ಅಕ್ಷರಗಳಲ್ಲಿ ಹುಚ್ಚೀರಪ್ಪನ ಹೆಸರು. ಕಂಪನಿಯ ಹೆಸರು ಕೆಳಗೆ ಮೂಲೆಯಲ್ಲಿ ನವಿಲಿನ ಕಾಲಸಂದಿಯಲ್ಲಿತ್ತು. ಎಣ್ಣೆ ಬಣ್ಣ ಬಳಿಬಳಿದು ಅರಿವೆ ತಗಡಿನಂತಾಗಿತ್ತು. ಮೇಲಿನ ಬಿದಿರಿಗೆ ಹಗ್ಗ ಬಿಗಿದು ಎತ್ತಿ ನಿಲ್ಲಿಸಲು ಆರು ಆಳು ಬೇಕಾಯಿತು.

ಹೊತ್ತು ಇಳಿಯುವಾಗ ಕೇರಿಯವರು ಗೋಣಿತಟ್ಟು ಹಿಡಿದು ಹಿಂದಿನ ಬದಿಗೆ ಬಂದರು. ಯಾರೂ ಹೇಳಬೇಕಾಗಿರಲಿಲ್ಲ, ಕಾಲಿಗೇ ಆ ದಾರಿ ಗೊತ್ತಿತ್ತು. ತಾಯಿ ಹನಮಂತವ್ವ ಎಲ್ಲರಿಗಿಂತ ಮುಂದೆ ಬಂದು ಪರದೆಯ ಹಿಂಬದಿಯನ್ನು ಅಂಗೈಯಿಂದ ಸವರಿದಳು.

"ಭಾಳ ಗಟ್ಟಿ ಐತಿಬೇ. ಆದ್ರ ಕರೆವ್ವಾ, ಈ ಕಡೆ ಬರೇ ಕರೀ ಕಾಣ್ತೈತಲ್ಲ? ಬತ್ತಿ ಹಚ್ಚಿದ ಮ್ಯಾಲ ಕಾಣ್ತೈತೇನು?"

ಕರಿಯವ್ವ ಕಂಪನಿಯ ಮಾಲಕಿಯಾಗಿ ದಣಿಯ ಬಳಿ ಓಡಿದಳು. ಹುಚ್ಚೀರಪ್ಪ ಮುಂದಿನ ಸಾಲಿನಲ್ಲಿ ಕಮಿಟಿಯವರಿಗೆ ಕುರ್ಚಿ ಹಾಕಿಸುತ್ತಿದ್ದ.

"ದಣೇರ, ನಮ್ಮ ಮಂದಿ ಈ ಕಡೆ ಬರ್ತಾರ್ರಿ. ಚಾಪಿ ಹಿಂದ, ಬರೇ ನೆಲದ ಮ್ಯಾಲ ಕುಂಡ್ರತಾರ. ಪರದಿ ದಪ್ಪ ಐತ್ರಿ, ಹಿಂದ ಏನೂ ಕಾಣೂದಿಲ್ಲ."

"ಕಾಣದಿದ್ರ ಕೇಳ್ಲಿ. ಕಿವಿ ಇಲ್ಲೇನು?"

"ಅವರ ಮಕ್ಕಳ ಆಟಾ ಐತ್ರಿ ಇದು. ನಮ್ಮವ್ವ ಒಬ್ಬಾಕಿನಾದ್ರೂ..."

"ಲೇ ಕರೇವಿ." ಕಮಿಟಿಯವರಿಗೆ ಕೇಳಿಸದಂತೆ ಅವನು ದನಿ ತಗ್ಗಿಸಿದ. ತಗ್ಗಿಸಿದ ದನಿಯೇ ಹೆಚ್ಚು ಹೆದರಿಸುವಂತಿತ್ತು. "ನಿಮ್ಮವ್ವನ ಉಸರು ನಮ್ಮ ಬೀಗರ ಬೆನ್ನಿಗೆ ತಾಗಬೇಕೇನು? ಹೊಲಗೇರಿ ಮಂದಿಗೆ ಬಣ್ಣಾ ಹಚ್ಚಾಕ ಬಿಟ್ಟದ್ದ ಹೆಚ್ಚು. ಅವ್ವಗ ತೋರ್ಸಾಕ ಕಂಪನಿ ಕಟ್ಟಿಯೋ, ಹೊಟ್ಟಿಗಂತ ಕಟ್ಟಿಯೋ? ಒಂದ್ ಮಾತು ಹೇಳು, ಈಗಿಂದೀಗ ಪರದಿ ಬಿಚ್ಚಸ್ತೀನಿ."

ಅವಳು ಆ ಒಂದು ಮಾತು ಹೇಳಲಿಲ್ಲ. ಬಣ್ಣ ಹಚ್ಚಿಕೊಂಡ ಹದಿನಾರು ಮಂದಿ ಒಳಗೆ ಕಾಯುತ್ತಿದ್ದರು. ಜಿನ್ನಿನ ಕೂಲಿ ಬಿಟ್ಟು ಬಂದವರು. ತಲೆ ತಗ್ಗಿಸಿ ವಾಪಸು ಬಂದಳು. ಅವ್ವನ ಕಡೆ ಹೋಗದೆ ನೇರ ಬಣ್ಣದ ಕೋಣೆಗೆ ಹೋದಳು. ತನ್ನ ಮೇಲೇ ಅವಳಿಗೆ ಹೇಸಿಗೆ ಬಂತು.

ಹೊತ್ತು ಮುಳುಗಿ, ಬತ್ತಿ ಹೊತ್ತಿ, ಆಟ ಶುರುವಾಯಿತು. ಹುಲಗಪ್ಪ ಎದೆ ಸೆಟೆಸಿ, ಕುರ್ಚಿಗಳಿಗೆ ಮುಖ ಕೊಟ್ಟು ನಿಂತ. "ಎಲೈ ಮಂತ್ರೀ! ಹರಿದು ಹಂಚಿಹೋದ ಈ ನಾಡನ್ನು ಒಂದು ಮಾಡದ ಹೊರತು ನಾನು ಕಿರೀಟ ತೊಡಲಾರೆ!" ಚಪ್ಪಾಳೆ ಬಿತ್ತು. ಪರದೆಯ ಹಿಂದಿನಿಂದ ಒಂದು ದನಿ ಎದ್ದಿತು: "ಯಾಕ ಬಡೀತಾರಬೇ ಚಪ್ಪಾಳಿ? ಹುಲಗ್ಯಾ ಏನ್ ಮಾಡಿದಾ?" ಮುಂದೆ ಕೂತವರೆಲ್ಲ ಗೊಳ್ಳೆಂದು ನಕ್ಕರು. ಹುಲಗಪ್ಪ ಮುಂದಿನ ಮಾತು ಮರೆತ; ಕರೀಮಸಾಬ ಪೇಟಿ ಒತ್ತಿ ಅದನ್ನು ಮುಚ್ಚಿದ.

ಕರಿಯವ್ವನ ರಾಣಿ ಬಂದ ಮೇಲೆ ನಗು ನಿಂತಿತು. ಗಂಡನನ್ನು ಯುದ್ಧಕ್ಕೆ ಕಳಿಸುವ ಅವಳ ಮಾತಿಗೆ ಚಾಪೆಯ ಮೇಲಿನ ಹೆಂಗಸರು ಸೆರಗಿನಿಂದ ಮೂಗೊರೆಸಿದರು. ಅಷ್ಟರಲ್ಲಿ ಹುಚ್ಚೀರಪ್ಪ ಎದ್ದು ಕೈ ಎತ್ತಿದ. ಈ ಕಡೆಯ ನಾಟಕಗಳಲ್ಲಿ ಅದೊಂದು ಪದ್ಧತಿ; ಪಾತ್ರಧಾರಿಗೆ ಉಡುಗೊರೆ ಕೊಡಲು, ಆಯೇರಿ ಮಾಡಲು, ಯಾರಾದರೂ ಎದ್ದರೆ ರಾಜನ ತಲೆ ಕಡಿಯುವ ಕತ್ತಿಯೂ ಅಲ್ಲೇ ನಿಲ್ಲಬೇಕು. ಪೇಟಿ ನಿಂತಿತು.

"ಇವತ್ತಿನಿಂದ ಕನ್ನಡದವರೆಲ್ಲಾ ಒಂದ! ಒಂದು ತಾಯಿ ಮಕ್ಕಳು! ಅದಕ್ಕಂತನ ಈ ಕಂಪನಿ ನಾ ಕಟ್ಟೀನಿ. ಕಮಿಟಿಯವರು ಹೂಂ ಅಂದಾರ. ಲಕ್ಷ್ಮೇಶ್ವರ ಕ್ಯಾಂಪು ಗಟ್ಟಿ, ಶಿರಹಟ್ಟಿನೂ ಗಟ್ಟಿ!"

ಅವಳು ಬೇಡಿದ್ದೆಲ್ಲ ಆ ಒಂದೇ ಉಸಿರಿನಲ್ಲಿ ಸಿಕ್ಕಿತ್ತು. ದಣಿಯ ಆಳು ಮೂಕಪ್ಪ ಒಂದು ಇಳಕಲ್ ಸೀರೆಯನ್ನು ಕೋಲಿನ ತುದಿಗೆ ಸಿಕ್ಕಿಸಿ ತಂದ. ಬೇರೆ ಪಾತ್ರಧಾರಿಯಾಗಿದ್ದರೆ ಕೈಗೆ ಕೊಟ್ಟು ಕುಂಕುಮ ಹಚ್ಚುತ್ತಿದ್ದರು. ಕೋಲು ಅಲುಗಿತು, ಸೀರೆ ಅವಳ ಪಾದದ ಹತ್ತಿರ ಬಿತ್ತು.

"ತಗೊಂಡು ಅಡ್ಡ ಬೀಳು," ಎಂದ ದಣಿ.

"ಕರೆವ್ವಾ! ಏನ್ ಕೊಟ್ರಬೇ? ನಮಗೇನೂ ಕಾಣವಲ್ದು!" ಹಿಂದಿನಿಂದ ಹನಮಂತವ್ವನ ದನಿ.

"ಯಾಕಿ ಅಕಿ ಒದರಾಕಿ? ಮುಚ್ಚಸ್ರಲೇ ಆ ಮುದುಕಿ ಬಾಯಿ!" ದಣಿ ಗದರಿದ.

ಯಾರೋ ಪರದೆ ಸುತ್ತಿ ಆಚೆ ಓಡಿದರು. ಬಡಿದ ಸದ್ದು ಕೇಳಿತು. "ಯಪ್ಪಾ," ಎಂದ ದನಿ ಕೇಳಿತು. ಆಮೇಲೆ ಏನೂ ಕೇಳಲಿಲ್ಲ.

ಕರಿಯವ್ವ ಸೀರೆ ದಾಟಿ ಬದಿಗೆ ಹೋದಳು. ಬಣ್ಣದ ಕೋಣೆಗೆ ಓಡಿದಳೆಂದೇ ಎಲ್ಲರೂ ತಿಳಿದರು. ಅವಳು ಮಧ್ಯಾಹ್ನ ಹಗ್ಗ ಕೊಯ್ದು ಕಂಬಕ್ಕೆ ಸಿಕ್ಕಿಸಿದ್ದ ಕುಡಗೋಲು ಕಿತ್ತು, ಬಿಗಿದ ಹಗ್ಗಕ್ಕೆ ಹಾಕಿ ಎಳೆದಳು. ಒಂದು ಬದಿ ಕಳಚಿತು. ಬಿದಿರು ವಾಲಿತು. ಅರಮನೆ, ಕಾರಂಜಿ, ನವಿಲು, ದಣಿಯ ಹೆಸರು ಎಲ್ಲ ಒಟ್ಟಿಗೆ ಧೂಳೆಬ್ಬಿಸಿ ನೆಲಕ್ಕೆ ಬಿದ್ದವು.

ಧೂಳು ಇಳಿದಾಗ ಆಚೆ ಕೇರಿ ಕೂತಿತ್ತು. ಗೋಣಿತಟ್ಟಿನ ಮೇಲೆ, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು. ಈಚೆ ಕುರ್ಚಿಗಳು. ಕುರ್ಚಿಯವರು ಕೇರಿಯವರ ಮುಖವನ್ನೂ, ಕೇರಿಯವರು ಕುರ್ಚಿಯವರ ಮುಖವನ್ನೂ ನೋಡಿದರು.

"ಬೋಸುಡಿ!" ಹುಚ್ಚೀರಪ್ಪನ ದನಿ ಒಡೆಯಿತು. "ಮೂಕ್ಯಾ, ಬತ್ತಿ ಬಿಚ್ಚಲೇ! ನನ್ನ ಬತ್ತಿ ನನ್ನ ಮನೀಗೆ ತಾ! ಲಕ್ಷ್ಮೇಶ್ವರ ಇಲ್ಲ, ಶಿರಹಟ್ಟಿ ಇಲ್ಲ. ಗದಗಿನ ಯಾವ ಜಿನ್ನಿನಾಗೂ ನಿನಗ ಹತ್ತಿ ಮುಟ್ಟಾಕ ಬಿಡೂದಿಲ್ಲ, ನೋಡ್ಕೋ!"

ಕರಿಯವ್ವ ಕುಡಗೋಲು ಕೆಳಗಿಡಲಿಲ್ಲ. "ಪೇಟಿ ಹಿಡೀರಿ ಮಾಸ್ತರ," ಎಂದಳು. ಕರೀಮಸಾಬ ಪೇಟಿ ಒತ್ತಿದ, ಸುರ ಎದ್ದಿತು. ಎಡಗಡೆಯ ಬತ್ತಿ ಇಳಿಯಿತು. ಬಲಗಡೆಯದೂ ಇಳಿಯಿತು. ಕುರ್ಚಿಗಳು ಕತ್ತಲಲ್ಲಿ ಮುಳುಗಿದವು. ಉಳಿದದ್ದು ನಡುಕಂಬದ ಒಂದೇ ಬತ್ತಿ. ಅವಳು ಅದರ ಕೆಳಗೆ ಹೋಗಿ ನಿಂತು ಕೇರಿಯ ಕಡೆ ತಿರುಗಿದಳು.

ಹನಮಂತವ್ವ ಹಣೆಯ ರಕ್ತವನ್ನು ಸೆರಗಿನಿಂದ ಒತ್ತಿ ಹಿಡಿದು ಎದ್ದು ನಿಂತಿದ್ದಳು. ಮಗಳ ಬಣ್ಣದ ಮುಖವನ್ನು ಎವೆಯಿಕ್ಕದೆ ನೋಡಿದಳು.

"ಅಳಾಕಹತ್ತೀಯೇನಬೇ ಕರೆವ್ವಾ?"

"ಪಾರ್ಟಿನ್ಯಾಗ ಐತಿ ಯವ್ವಾ. ಕುಂತು ನೋಡು."

ಮೂಕಪ್ಪ ಕಂಬ ಹತ್ತಿ ಬತ್ತಿಗೆ ಕೈ ಹಾಕಿದ. ಕರಿಯವ್ವ ಅಲುಗದೆ ನಿಂತು ರಾಣಿಯ ಮುಂದಿನ ಮಾತು ಶುರು ಮಾಡಿದಳು.