ನಿಂತ ಕಾರಿನ ಮೊಕದ್ದಮೆ

ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬಾದ್ದರಿಂದ ಊರಿನ ದಂತವೈದ್ಯರೆಲ್ಲ ಅವನನ್ನು ಸೆಟ್ಟಪ್ಪ ಎಂದೇ ಕರೆಯುತ್ತಿದ್ದರು. ಬಾಯಿಯ ಅಚ್ಚುಗಳು ಡಬ್ಬಿಯಲ್ಲಿ ಬರುತ್ತಿದ್ದವು, ಹಲ್ಲುಗಳು ಡಬ್ಬಿಯಲ್ಲೇ ಹೋಗುತ್ತಿದ್ದವು. ಅವನ್ನು ಹಾಕಿಕೊಂಡು ನಗುವವರ ಮುಖ ಅವನು ಕಂಡದ್ದೇ ಇಲ್ಲ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ಒಂದು ಸಂಜೆ ಮನೆಯೆದುರು ಕಾರಿನಲ್ಲಿ ಕುಳಿತಿದ್ದವನನ್ನು ಪೊಲೀಸರು ಗಾಜು ತಟ್ಟಿ ಇಳಿಸಿದರು. ಎಂಜಿನ್ ಓಡುತ್ತಿತ್ತು, ಪಕ್ಕದ ಸೀಟಿನಲ್ಲಿ ಬಾಟಲಿ ಇತ್ತು. ಯಂತ್ರ ಊದಿಸಿದರು. ಅಂಕಿ ಮಿತಿಯನ್ನು ಎಷ್ಟೋ ದಾಟಿತ್ತು. ಲೈಸೆನ್ಸ್ ಕಿತ್ತುಕೊಂಡು ಠಾಣೆಗೆ ಕರೆದೊಯ್ದರು.

ಜಾಮೀನು ಕೊಡಲು ಬಂದವಳು ಬೇರೆ ಊರಿನಲ್ಲಿದ್ದ ಅಕ್ಕ. ಯಾರ ಜೊತೆ ಕುಡಿದೆ ಎಂದು ಕೇಳಿದಳು. ಗೆಳೆಯರು ಬಲವಂತ ಮಾಡಿದರು ಎಂದುಬಿಟ್ಟ. ದಾರಿಯುದ್ದಕ್ಕೂ ಅಕ್ಕ ಆ ಗೆಳೆಯರಿಗೆ ಹಿಡಿಶಾಪ ಹಾಕಿದಳು. ಆದರೂ ಅವರೇನು ಕೆಲಸ ಮಾಡುತ್ತಾರೆ, ಮನೆ ಎಲ್ಲಿ ಎಂದೆಲ್ಲ ವಿಚಾರಿಸುವಾಗ ಅವಳ ದನಿ ಮೆತ್ತಗಾಗಿತ್ತು. ಅವನು ಬಾಯಿಗೆ ಬಂದದ್ದು ಹೇಳಿದ.

ವಕೀಲೆ ಸುತ್ತಿ ಬಳಸಿ ಮಾತಾಡುವವಳಲ್ಲ. ತಪ್ಪೊಪ್ಪಿಕೊಂಡರೆ ದಂಡ ಬೀಳುತ್ತದೆ, ಆರು ತಿಂಗಳು ಲೈಸೆನ್ಸ್ ಇರುವುದಿಲ್ಲ, ಮೊದಲ ಸಲವಾದ್ದರಿಂದ ಜೈಲಾಗಲಿಕ್ಕಿಲ್ಲ ಎಂದಳು. ಆ ರಾತ್ರಿ ಪೊಲೀಸರು ಮಾಡಿಸಿದ ರಕ್ತಪರೀಕ್ಷೆಯೂ ಅದನ್ನೇ ಹೇಳುತ್ತಿದ್ದುದರಿಂದ ಯಂತ್ರವನ್ನು ದೂರಿ ಪ್ರಯೋಜನವಿರಲಿಲ್ಲ. ಉಳಿದದ್ದು ಒಂದೇ ದಾರಿ: ಕಾರು ನಿಂತಿತ್ತು, ಇವನು ಓಡಿಸಲೂ ಇಲ್ಲ, ಓಡಿಸುವ ಉದ್ದೇಶವೂ ಇರಲಿಲ್ಲ ಎಂದು ತೋರಿಸುವುದು.

"ಹಾಗಾದ್ರೆ ಅಲ್ಲಿ ಯಾಕೆ ಕೂತಿದ್ರಿ ಅಂತ ಕೇಳೇ ಕೇಳ್ತಾರೆ. ಏನು ಹೇಳ್ತೀರಿ?"

ಅವನು ಮೇಜಿನ ಅಂಚು ಸವರುತ್ತ ಕುಳಿತ. ಕೊನೆಗೆ, ತಪ್ಪೊಪ್ಪಿಕೊಂಡರೇ ಸುಲಭವೇನೋ ಎಂದ. ವಕೀಲೆ ಅವನನ್ನೇ ನೋಡಿದಳು. ಮಾಡದ ತಪ್ಪನ್ನು ಯಾಕೆ ತಲೆಗೆ ಕಟ್ಟಿಕೊಳ್ಳುತ್ತೀರಿ, ಯೋಚಿಸಿ ಬನ್ನಿ ಎಂದು ಕಳಿಸಿದಳು. ಎರಡು ದಿನ ಯೋಚಿಸಿ, ಹೋರಾಡೋಣ ಎಂದು ಫೋನ್ ಮಾಡಿದ.

ವಿಚಾರಣೆಯ ದಿನ ಅಕ್ಕ ಬೇಡವೆಂದರೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಳು. ಎದುರು ಮನೆಯ ಬಟ್ಟೆ ಹೊಲಿಯುವ ಹೆಂಗಸು ಸಾಕ್ಷಿ ಹೇಳಿದಳು. ಇವರು ಕೆಲಸ ಮುಗಿಸಿ ಬಂದು ಕಾರು ನಿಲ್ಲಿಸುತ್ತಾರೆ, ಮೂಲೆಯ ಬ್ರಾಂಡಿ ಅಂಗಡಿಗೆ ನಡೆದುಹೋಗಿ ಬರುತ್ತಾರೆ, ಮತ್ತೆ ಕಾರಿನಲ್ಲೇ ಕೂರುತ್ತಾರೆ, ದಿನಾ ಹೀಗೇ. ಆಮೇಲೆ ಕಾರು ಅಲುಗಿದ್ದನ್ನು ತಾನು ನೋಡಿಲ್ಲ ಎಂದಳು.

ನ್ಯಾಯಾಧೀಶರು ಇವನ ಕಡೆ ತಿರುಗಿದರು. ಮನೆ ಎದುರಿಗೇ ಇದೆ, ಬೀಗದಕೈ ಜೇಬಿನಲ್ಲೇ ಇದೆ, ಒಳಗೆ ಕೂತು ಕುಡಿಯಬಹುದಿತ್ತಲ್ಲ ಎಂದರು.

"ಒಳಗೆ ಯಾರೂ ಇಲ್ಲ ಸ್ವಾಮಿ," ಎಂದ. "ಕಾರಲ್ಲಾದ್ರೆ ಓಡಾಡೋರು ಕಾಣ್ತಾರೆ. ಸೆಕೆ ಅಂತ ಏಸಿಗೋಸ್ಕರ ಎಂಜಿನ್ ಹಾಕಿದ್ದೆ. ಎಲ್ಲಿಗೂ ಹೋಗೋದಿರಲಿಲ್ಲ. ಹೋಗೋಕೆ ನನಗೆ ಯಾರ ಮನೆಯೂ ಇಲ್ಲ, ಗೆಳೆಯರೂ ಇಲ್ಲ."

ಹಿಂದೆ ತಿರುಗಿ ನೋಡುವ ಧೈರ್ಯ ಅವನಿಗಾಗಲಿಲ್ಲ.

ವಾಹನ ಓಡಿಸಿದ ಆರೋಪ ಬಿದ್ದುಹೋಯಿತು. ಬೀದಿಯಲ್ಲಿ ಕುಡಿದದ್ದಕ್ಕೆ ಚಿಕ್ಕ ದಂಡ ಕಟ್ಟಿಸಿಕೊಂಡರು. ಲೈಸೆನ್ಸ್ ವಾರದೊಳಗೆ ಕೈಸೇರುತ್ತದೆ ಎಂದು ವಕೀಲೆ ಕೈಕುಲುಕಿ, ಇನ್ನೊಂದು ಕೇಸಿಗೆ ಓಡಿದಳು.

ಅಕ್ಕ ಬಸ್ ನಿಲ್ದಾಣದವರೆಗೂ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬಸ್ಸು ಬಂದಾಗ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಕುಡಿದಿದ್ದಕ್ಕಲ್ಲ ಕಣೋ ಬೇಜಾರು. ಸದ್ಯ, ಇವನಿಗೆ ನಾಲ್ಕು ಜನ ಇದ್ದಾರಲ್ಲ ಅಂತ ಇಷ್ಟು ದಿನ ನೆಮ್ಮದಿಯಾಗಿದ್ದೆ."

ಅವನು ಅವಳ ಚೀಲ ಎತ್ತಿಕೊಟ್ಟ. ಅವಳು ಕಿಟಕಿಯ ಪಕ್ಕ ಕುಳಿತಳು, ಅವನು ಕೆಳಗೆ ನಿಂತ. ಗಾಜಿನ ಆಚೆಯಿಂದ ಅವಳು ಏನೋ ಅಂದಳು. ಕೇಳಿಸದಿದ್ದರೂ ಅವನು ಹೂಂ ಎಂದು ತಲೆಯಾಡಿಸಿದ. ಬಸ್ಸು ಹೊರಟುಹೋಯಿತು.